ಬರೆಯದೆ ಬಿಟ್ಟ ‘ಒಲ್ಲೆ’

ಒಬ್ಬ ಹೆಣ್ಣುಮಗಳು ತುಂಬಿದ ಸಭೆಯಲ್ಲಿ ‘ಒಲ್ಲೆ’ ಎಂದರು. ನಾನು ‘ಸರ್ವಾನುಮತದಿಂದ’ ಎಂದು ಬರೆದೆ. ನಾನು ಹೇಳಿದ್ದನ್ನು ಬರೆದಿರಾ ಎಂದು ಅವರು ಕೇಳಿದಾಗ, ಬರೆದಿದ್ದೇನೆ ಎಂದೆ. ಅವರಿಗೆ ಓದಲು ಬರುವುದಿಲ್ಲವೆಂದು ಗೊತ್ತಿದ್ದೇ ಹಾಗೆ ಹೇಳಿದೆ. ಇದಾಗಿ ಇಪ್ಪತ್ತೈದು ವರ್ಷ ಕಳೆದಿರಬಹುದು. ಈ ವರ್ಷದವರೆಗೆ ಯಾರಿಗೂ ಹೇಳಿರಲಿಲ್ಲ — ಹೆಂಡತಿಗೂ.

ಮಹಿಳಾ ದಿನದ ಈ ಸ್ಮರಣ ಸಂಚಿಕೆಗೆ ‘ನಮ್ಮ ಪಂಚಾಯ್ತಿಯ ಮೊದಲ ಮಹಿಳಾ ಅಧ್ಯಕ್ಷೆ’ ಎಂಬ ವಿಷಯದ ಮೇಲೆ ಎರಡು ಪುಟ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದರು. ಹೊಗಳಿ ಎರಡು ಪುಟ ಬರೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಜೀವಮಾನವಿಡೀ ಅದನ್ನೇ ಮಾಡಿದ್ದೇನೆ. ‘ಹೆಣ್ಣು ಅಬಲೆಯಲ್ಲ’ ಎಂದು ಶುರುವೂ ಮಾಡಿದೆ. ಎರಡನೆಯ ಸಾಲಿಗೆ ಪೆನ್ನು ಹೋಗಲಿಲ್ಲ.

ಆಗ ನಾನು ಆ ಪಂಚಾಯ್ತಿಯ ಕಾರ್ಯದರ್ಶಿ. ಶಿರಹಟ್ಟಿ ತಾಲೂಕಿನ ಹಳ್ಳಿ. ಊರಿನ ಹೆಸರು ನಾನು ಬರೆಯುವುದಿಲ್ಲ, ಸಂಚಿಕೆ ಕೈಯಲ್ಲಿ ಹಿಡಿದವರಿಗೆ ಅದು ಗೊತ್ತೇ ಇದೆ. ಸಭೆಯಲ್ಲಿ ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು. ನನ್ನ ಅಕ್ಷರ ದುಂಡಗೆ. ತಪಾಸಣೆಗೆ ಬಂದ ಸಾಹೇಬರು ಪುಸ್ತಕ ತೆರೆದರೆ ಅಕ್ಷರವನ್ನು ಹೊಗಳಿ ಮುಚ್ಚುತ್ತಿದ್ದರು; ಅಕ್ಷರ ಏನು ಹೇಳುತ್ತಿದೆ ಎಂದು ನೋಡುತ್ತಿರಲಿಲ್ಲ. ಅದರಲ್ಲೂ ‘ಸರ್ವಾನುಮತ’ — ಅದರ ಅರ್ಕಾವತ್ತಿಗೆ ನಾನು ಎಳೆಯುತ್ತಿದ್ದ ಬಾಲದ ಬೆಡಗೇ ಬೇರೆ. ಈಗ ನೆನೆದರೆ ನನ್ನ ಕೈ ಮೇಲೆ ನನಗೇ ಸಿಟ್ಟು ಬರುತ್ತದೆ.

ಫಕೀರವ್ವ ಅಧ್ಯಕ್ಷೆಯಾದದ್ದು ಮೀಸಲಾತಿಯಲ್ಲಿ. ಅದಕ್ಕೂ ಮೊದಲು ಅವರ ಗಂಡ ಶಿವಲಿಂಗಪ್ಪ ಸದಸ್ಯರಾಗಿದ್ದರು. ಜಾಗ ಹೆಣ್ಣುಮಕ್ಕಳಿಗೆ ಹೋದಾಗ ಹೆಂಡತಿಯನ್ನು ನಿಲ್ಲಿಸಿದರು. ಗೋಡೆಗೆ ಹಚ್ಚಿದ ಕಾಗದದಲ್ಲಿ ಮುಖ ಹೆಂಡತಿಯದು, ಊರಲ್ಲಿ ಭಾಷಣ ಗಂಡನದು. ಗೆದ್ದ ಮೇಲೂ ಹಾಗೇ ನಡೆಯಿತು. ಪಂಚಾಯ್ತಿಯಲ್ಲಿದ್ದ, ಕೈಯಿರುವ ಒಂದೇ ಖುರ್ಚಿಯಲ್ಲಿ ಶಿವಲಿಂಗಪ್ಪ ಕೂರುತ್ತಿದ್ದರು, ನಾನೂ ನಾಚಿಕೆಯಿಲ್ಲದೆ ಅವರನ್ನೇ ‘ಅಧ್ಯಕ್ಷರ’ ಎಂದು ಕರೆಯುತ್ತಿದ್ದೆ. ಸಭೆಯ ಮರುದಿನ ಪುಸ್ತಕ ಹೊತ್ತುಕೊಂಡು ಅವರ ಮನೆಗೆ ಹೋಗಿ ಫಕೀರವ್ವನ ಸಹಿ ತರುತ್ತಿದ್ದೆ. ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕಲಿತಿದ್ದ ಆ ನಾಲ್ಕಕ್ಷರವನ್ನು ನಿಧಾನವಾಗಿ ಬರೆಯುತ್ತಿದ್ದರು. ‘ಫ’ ಅಕ್ಷರದ ಕೆಳಗಿನ ಗೆರೆಯನ್ನು ಒಮ್ಮೆಯೂ ಮರೆತವರಲ್ಲ.

ಶಾಲೆಯ ಹಿಂದೆ ಜಾಲಿಕಂಟಿ ಬೆಳೆದ ಒಂದು ಜಾಗವಿತ್ತು. ಮನೆಗಳಲ್ಲಿ ಪಾಯಖಾನೆ ಇಲ್ಲದ ಕಾಲ. ಹೆಣ್ಣುಮಕ್ಕಳು ಬೆಳಕು ಹರಿಯುವ ಮೊದಲು ನೀರಿನ ಚರಿಗೆ ಹಿಡಿದು ಹೋಗುತ್ತಿದ್ದ ಬಯಲು ಅದು. ರಸ್ತೆಗೆ ತಾಗಿದ ಜಾಗ, ಅಂಗಡಿ ಕಟ್ಟಲು ಯೋಗ್ಯ ಎಂದು ಸದಸ್ಯರ ಕಣ್ಣು ಅದರ ಮೇಲೆ ಬಿತ್ತು. ಆ ವಿಷಯ ಸಭೆಗೆ ಬಂದ ದಿನ ಫಕೀರವ್ವ, ಎಂದೂ ಬಾರದವರು, ಹತ್ತಿ ಬಿಡಿಸುತ್ತಿದ್ದ ಹೊಲದಿಂದ ನೇರವಾಗಿ ಬಂದರು. ಸೀರೆಯ ತುಂಬ ಹತ್ತಿಯ ಕಸ. ಅವರಿಗೆ ಖುರ್ಚಿ ಇರಲಿಲ್ಲ — ಗಂಡ ಅದರಲ್ಲಿ ಕೂತಿದ್ದರಲ್ಲ. ಬಾಗಿಲ ಹತ್ತಿರ ನಿಂತೇ ಮಾತಾಡಿದರು.

“ಆ ಜಾಗಾ ಹೆಣ್ಣಮಕ್ಕಳದ್ದ್ರಿ. ಅಲ್ಲೆ ಗ್ವಾಡಿ ಕಟ್ಟಿಸಿ ನಳಾ ಹಾಕಸೋಣು. ಅಂಗಡಿಗೆ ಕೊಡಾಕ ನಾ ಒಲ್ಲೆ. ನಾ ಒಲ್ಲೆ ಅಂದೀನಿ ಅಂತ ಬರ್ಕೊರಿ, ಸಾಹೇಬ್ರ.”

ಶಿವಲಿಂಗಪ್ಪ ಕಿಟಕಿಯ ಕಡೆ ನೋಡಿದರು. ಒಬ್ಬ ಸದಸ್ಯರು ನಕ್ಕರು, ಇನ್ನೊಬ್ಬರು ಮುಂದಿನ ವಿಷಯಕ್ಕೆ ಹೋಗೋಣ ಎಂದರು. ಫಕೀರವ್ವ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ತಲೆಯಾಡಿಸಿದೆ. ಅವರು ಸಮಾಧಾನವಾಗಿ ಹೊಲಕ್ಕೆ ಹೋದರು.

ಬರೆಯಬೇಡ ಎಂದು ಯಾರೂ ನನಗೆ ಹೇಳಲಿಲ್ಲ. ಹೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ಹಾಗೇನಾದರೂ ಆಗಿದ್ದರೆ ಇವತ್ತು ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಸತ್ಯ ಇಷ್ಟೇ — ಅವರು ಆಡಿದ್ದು ಬರೆಯಬೇಕಾದ ಮಾತು ಎಂದು ನನಗೆ ಅನಿಸಲೇ ಇಲ್ಲ. ಗಂಡಸರು ಕೆಮ್ಮಿದ್ದನ್ನೂ ‘ಸಲಹೆ’ ಎಂದು ಬರೆದುಕೊಳ್ಳುತ್ತಿದ್ದವನು ನಾನು. ಅಧ್ಯಕ್ಷೆಯೇ ಬಾಯಿ ಬಿಟ್ಟು ಹೇಳಿದ ಮಾತು ನನ್ನ ಕಿವಿಗೆ ಬಿತ್ತು, ಕೈಗೆ ಇಳಿಯಲಿಲ್ಲ. ಎರಡೇ ಅಕ್ಷರ ಅದು. ಬಾಲ ತಿರುವಿ ‘ಸರ್ವಾನುಮತದಿಂದ’ ಎಂದು ಬರೆದು ಚಾ ಕುಡಿದೆ.

ಮರುದಿನ ಸಹಿಗೆ ಹೋದೆ. ಯಾವತ್ತೂ ಏನೂ ಕೇಳದವರು ಅಂದು ಪೆನ್ನು ಹಿಡಿದು ತಡೆದರು.

“ನಾ ಅಂದಿದ್ದು ಬರದೀರಿಲ್ರಿ?”

“ಬರದೀನ್ರಿ, ಅಕ್ಕಾರ.”

ಅವರು ‘ಫ’ದ ಕೆಳಗಿನ ಗೆರೆ ಎಳೆದರು.

ಅಂಗಡಿಗಳು ಎದ್ದವು. ಹೆಣ್ಣುಮಕ್ಕಳು ಲಕ್ಷ್ಮೇಶ್ವರದ ರಸ್ತೆ ದಾಟಿ ಹೋಗಬೇಕಾಯಿತು. ನಸುಕಿನಲ್ಲಿ ಲಾರಿಯ ಬೆಳಕು ಬಿದ್ದಾಗಲೆಲ್ಲ ಎದ್ದು ನಿಲ್ಲುವುದು, ಲಾರಿ ಹೋಗಿ ಕತ್ತಲಾದ ಮೇಲೆ ಮತ್ತೆ ಕೂರುವುದು. ಬಸುರಿಯರಿಗೂ ಅದೇ, ಮುದುಕಿಯರಿಗೂ ಅದೇ. ಹೆಂಗಸೇ ಅಧ್ಯಕ್ಷೆಯಾಗಿ ನಮ್ಮ ಜಾಗ ಕೊಟ್ಟುಬಿಟ್ಟಳು ಎಂದು ಅವರೆಲ್ಲ ಫಕೀರವ್ವನನ್ನು ಬೈದರು. ನಾನು ಒಲ್ಲೆ ಅಂದಿದ್ದೇನೆ, ಬುಕ್ಕಿನಲ್ಲಿ ಇದೆ, ಬಂದು ನೋಡಿ ಎಂದು ಫಕೀರವ್ವ ಹೇಳುತ್ತಲೇ ಇದ್ದರು. ನನ್ನ ಸುಳ್ಳಿನ ಮೇಲೆ ಅಷ್ಟು ಭರವಸೆ ಅವರಿಗೆ.

ಕೊನೆಗೆ ಗ್ರಾಮಸಭೆಯಲ್ಲಿ ಫಕೀರವ್ವನೇ ಪುಸ್ತಕ ತೆಗೆಸಿದರು. ಕನ್ನಡ ಶಾಲೆಯ ಶಿಕ್ಷಕಿ ಅಕ್ಕೋರನ್ನು ಕರೆದು ಓದಿಸಿದರು. ಅಕ್ಕೋರು ಓದಿದರು — ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ಠರಾಯಿಸಲಾಯಿತು, ಕೆಳಗೆ ಅಧ್ಯಕ್ಷರ ಸಹಿ.

“ಸರ್ವಾನುಮತ ಅಂದ್ರೇನ್ರಿ, ಅಕ್ಕೋರ?”

“ಎಲ್ಲಾರೂ ಒಪ್ಪಿದ್ರು ಅಂತ್ರಿ.”

“ನಾನೂ?”

ಅಕ್ಕೋರು ತಲೆ ತಗ್ಗಿಸಿದರು. ಫಕೀರವ್ವ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಇನ್ನೂ ನನ್ನ ಮೇಲೆ ನಂಬಿಕೆ ಇತ್ತು. “ನೀವ ಹೇಳ್ರಿ, ಸಾಹೇಬ್ರ. ಅವತ್ತ ನಾ ಏನಂದಿದ್ದೆ?”

ಇಡೀ ಊರು ಕೂತಿತ್ತು. ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಬರೆಯುವಾಗ ಬಿಟ್ಟದ್ದನ್ನು ಬಾಯಲ್ಲಾದರೂ ಹೇಳಬಹುದಿತ್ತು. ನೌಕರಿ ಹೋಗುತ್ತಿತ್ತೋ ಏನೋ — ಇಲ್ಲ, ಒಂದು ನೋಟಿಸು ಬರುತ್ತಿತ್ತು ಅಷ್ಟೆ.

“ಬುಕ್ಕಿನ್ಯಾಗ ಏನ್ ಐತ್ಯೋ ಅದ ಖರೆ ರೀ” ಎಂದೆ.

ಫಕೀರವ್ವ ಹೋಗಿ ಹೆಂಗಸರ ನಡುವೆ ಕೂರಲು ನೋಡಿದರು. ಯಾರೂ ಸರಿದು ಜಾಗ ಮಾಡಿಕೊಡಲಿಲ್ಲ. ಅವರು ಗೋಡೆಗೆ ಒರಗಿ ನಿಂತರು. ಸಭೆ ಮುಗಿಯುವವರೆಗೂ ನಿಂತೇ ಇದ್ದರು.

ನಾನಾಗಿದ್ದರೆ ಮತ್ತೆ ಪಂಚಾಯ್ತಿಯ ಕಟ್ಟೆ ಹತ್ತುತ್ತಿರಲಿಲ್ಲ. ಅವರು ಮುಂದಿನ ಸಭೆಗೆ ಎಲ್ಲರಿಗಿಂತ ಮೊದಲು ಬಂದರು. ಗಂಡ ಬಂದಾಗ ಖುರ್ಚಿಯಲ್ಲಿ ಫಕೀರವ್ವ ಕೂತಿದ್ದರು. ಶಿವಲಿಂಗಪ್ಪ ಕೆಮ್ಮಿದರು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು, ಏನೂ ಆಗಲಿಲ್ಲ. “ಸಹಿ ನಂದು. ಖುರ್ಚಿನೂ ನಂದ ಇರಲ್ರಿ” ಎಂದರು ಫಕೀರವ್ವ, ಮೆಲ್ಲಗೆ. ಶಿವಲಿಂಗಪ್ಪ ಅವತ್ತು ನನ್ನ ಪಕ್ಕದ ಬೆಂಚಿನ ಮೇಲೆ ಕೂತರು. ಮುಖ ನೋಡುವಂತಿತ್ತು.

ಆಮೇಲೆ ಫಕೀರವ್ವ ಮಧ್ಯಾಹ್ನದ ಹೊತ್ತು ಅಕ್ಕೋರ ಹತ್ತಿರ ಓದಲು ಹೋಗತೊಡಗಿದರು. ಎಲ್ಲರೂ ‘ಅರಸ’, ‘ಸರ’ದಿಂದ ಶುರು ಮಾಡುತ್ತಾರೆ, ಫಕೀರವ್ವ ಶುರು ಮಾಡಿದ್ದು ‘ಸರ್ವಾನುಮತ’ದಿಂದ. ಅಷ್ಟು ಕಠಿಣ ಶಬ್ದ ಈಗಲೇ ಬೇಡ ಎಂದು ಅಕ್ಕೋರು ಹೇಳಿದರೂ ಕೇಳಲಿಲ್ಲವಂತೆ. ನಾನು ಪುಸ್ತಕ ಮುಂದಿಟ್ಟರೆ ಪ್ರತಿ ಸಾಲಿನ ಮೇಲೂ ಬೆರಳಾಡಿಸಿ ಆ ಶಬ್ದ ಹುಡುಕುತ್ತಿದ್ದರು. ಸಿಕ್ಕಲ್ಲಿ ಬೆರಳು ನಿಲ್ಲಿಸಿ, ಯಾರು ಯಾರು ಒಪ್ಪಿದರು ಹೇಳಿರಿ ಎನ್ನುತ್ತಿದ್ದರು. ಅರ್ಧ ಗಂಟೆಯ ಸಭೆ ಮೂರು ಗಂಟೆ ಹಿಡಿಯಿತು. ಸದಸ್ಯರು ಹಲ್ಲು ಕಡಿದರು. ನನಗೆ ಆ ಬೆರಳನ್ನು ನೋಡಿಕೊಂಡು ಕೂರಲು ಆಗಲಿಲ್ಲ. ಮುಂಡರಗಿ ಕಡೆಗೆ ವರ್ಗ ಬೇಕೆಂದು ನಾನೇ ಅರ್ಜಿ ಹಾಕಿದೆ. ಮನೆಯಲ್ಲಿ, ಸರ್ಕಾರ ಎತ್ತಿ ಹಾಕಿತು ಎಂದು ಹೇಳಿದೆ — ಅದೂ ಸುಳ್ಳು.

ಮುಂದಿನದು ನನಗೆ ತಿಳಿದದ್ದು ಈ ವರ್ಷ. ಈಗಿನ ಅಧ್ಯಕ್ಷೆ ಶಾಹೀನಾ, ಮೂವತ್ತರ ಆಸುಪಾಸಿನ, ಹೊಲಿಗೆಯ ಕೆಲಸ ಮಾಡುವ ಹೆಣ್ಣುಮಗಳು, ಈ ಬರಹ ಕೇಳಲು ಬಸ್ಸು ಹಿಡಿದು ಬೆಟಗೇರಿಯ ನಮ್ಮ ಮನೆಗೆ ಬಂದಿದ್ದರು. ಒಬ್ಬರೇ ಬಂದಿದ್ದರು. ಫಕೀರವ್ವ ಶಿರಹಟ್ಟಿಯ ತಾಲೂಕು ಕಚೇರಿಗೆ ಎರಡು ವರ್ಷ ಓಡಾಡಿದ್ದನ್ನು, ಅರ್ಜಿಯನ್ನು ತಾವೇ ಓದಿ ತಾವೇ ಸಹಿ ಮಾಡಿದ್ದನ್ನು, ಬೈದ ಹೆಂಗಸರೇ ಆಮೇಲೆ ಜೊತೆಗೆ ಹೋಗಿದ್ದನ್ನು ಹೇಳಿದರು. ಊರಿನ ಇನ್ನೊಂದು ತುದಿಯಲ್ಲಿ ಹೆಣ್ಣುಮಕ್ಕಳ ಪಾಯಖಾನೆ ಕಟ್ಟಿಸಿದರಂತೆ — ಗೋಡೆ, ನಳ, ಒಳಗಿನಿಂದ ಚಿಲಕ. ಆ ಊರಲ್ಲಿ ಈಗಲೂ ಯಾವ ಠರಾವು ಬರೆಯುವ ಮೊದಲೂ, ಒಲ್ಲೆ ಅನ್ನುವವರು ಯಾರಾದರೂ ಇದ್ದೀರಾ ಎಂದು ಗಟ್ಟಿಯಾಗಿ ಕೇಳುತ್ತಾರಂತೆ. ಇದ್ದರೆ ಹೆಸರು ಹಚ್ಚಿ ಬರೆಯುತ್ತಾರೆ. ಎಲ್ಲ ಕಡೆ ಹೀಗೇ ಇರುತ್ತದೆ ಎಂದುಕೊಂಡಿದ್ದರು ಶಾಹೀನಾ. ಪಕ್ಕದ ಊರಲ್ಲಿ ಇಲ್ಲವೆಂದು ಕೇಳಿ ಅವರಿಗೆ ಆಶ್ಚರ್ಯವಾಗಿತ್ತು.

ನನ್ನಿಂದಲೇ ಯಾಕೆ ಬರೆಸಬೇಕು ಎಂದು ಕೇಳಿದೆ. ಶಾಹೀನಾ ನಕ್ಕರು. ನನ್ನ ಸುಳ್ಳಿನ ವಿಷಯ ಅವರಿಗೆ ತಿಳಿದಿರಲಿಲ್ಲ.

“ಫಕೀರವ್ವ ಅಮ್ಮಾರ ಹೇಳಿ ಕಳಿಸ್ಯಾರ್ರಿ. ಅವರ ಕಡಿಂದನ ಬರಸು, ಬರದೀನಿ ಅಂದಿದ್ರು, ಇನ್ನೂ ಬರದಿಲ್ಲ, ಅಂದ್ರು.”

ನಾನು ಒಳಗೆ ಹೋಗಿ ನೀರು ಕುಡಿದು ಬಂದೆ. ಬರೆಯುತ್ತೇನೆ ಎಂದೆ.

ಅವರು ಹೋದ ಮೇಲೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಶಿಗ್ಲಿಯವಳು, ಹತ್ತನೆಯ ಇಯತ್ತೆ ಪಾಸಾದವಳು. ಕೇಳಿ ಮುಗಿಸಿ, ಈ ಮನೆಯ ಕಾಗದಕ್ಕೆ ನಾನೂ ಓದದೇ ಸಹಿ ಮಾಡಿದ್ದೇನಲ್ಲ, ಅದನ್ನು ಒಮ್ಮೆ ತೆಗೆದು ಕೊಡಿ ಎಂದಳು. ಕೊಟ್ಟೆ. ಪಡಸಾಲೆಯಲ್ಲಿ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅವಳು ಓದಿ ಮುಗಿಸುವವರೆಗೆ ನಾನು ಪಕ್ಕದಲ್ಲೇ ನಿಂತಿದ್ದೆ.

ಈ ಬರಹವನ್ನೂ ಓದಿದಳು. ‘ಆಗಿನ ಕಾಲವೇ ಹಾಗಿತ್ತು’ ಎಂದು ನಾನೊಂದು ಸಾಲು ಬರೆದಿದ್ದೆ. “ಇದನ್ನ ತಗೀರಿ” ಎಂದಳು. ತೆಗೆದಿದ್ದೇನೆ. ಕಾಲವೇನೂ ಪೆನ್ನು ಹಿಡಿದು ಕೂತಿರಲಿಲ್ಲ.

ಫಕೀರವ್ವ, ಇನ್ನು ನಿಮಗೇ ಹೇಳುತ್ತೇನೆ. ಹಳೆಯ ಪುಸ್ತಕದಲ್ಲಿ ಈಗ ಯಾರೂ ತಿದ್ದುವಂತಿಲ್ಲ. ನನ್ನ ಆ ಅಂದದ ಸುಳ್ಳು ಅಲ್ಲೇ ಇರುತ್ತದೆ, ಇರಲಿ. ಮುಂದಿನ ಗ್ರಾಮಸಭೆಗೆ ಬರುತ್ತೇನೆ. ಅಂದು ನೀವು ಕೇಳಿದ ಪ್ರಶ್ನೆಗೆ ಊರಿನ ಎದುರು ಉತ್ತರ ಕೊಡುತ್ತೇನೆ, ಅದನ್ನು ಹೊಸ ಪುಸ್ತಕದಲ್ಲಿ ಬರೆದುಕೊಳ್ಳಿ ಎಂದು ಶಾಹೀನಾ ಅವರನ್ನು ಕೇಳಿಕೊಂಡಿದ್ದೇನೆ. ನೀವು ಗೋಡೆಗೆ ಒರಗಿ ನಿಂತ ಹೊತ್ತನ್ನು ಅದು ವಾಪಸು ತರುವುದಿಲ್ಲ. ಕ್ಷಮಿಸಿ ಎಂದು ಕೇಳುವುದಿಲ್ಲ. ಅದನ್ನೂ ನಿಮ್ಮ ಮೇಲೆ ಹೊರಿಸಿದಂತಾಗುತ್ತದೆ.

ಆ ದಿನದ ತೀರ್ಮಾನ ಸರ್ವಾನುಮತದ್ದಲ್ಲ. ಅಧ್ಯಕ್ಷರು ನಿಂತು, ಎಲ್ಲರೂ ಕೇಳುವಂತೆ, ‘ನಾ ಒಲ್ಲೆ’ ಅಂದಿದ್ದರು. ಈ ಸಲ ಯಾರಿಂದಲೂ ಓದಿಸಿಕೊಳ್ಳಬೇಕಾಗಿಲ್ಲ. ಬೆರಳಿಟ್ಟು ನೀವೇ ನೋಡಿ.

ಬರದೀನ್ರಿ, ಅಕ್ಕಾರ.