ಅರ್ಧ ಕಂತಿನ ಅತ್ತೆ

ಭೂಮಿಯೆಲ್ಲ ಹಾಳಾದ ಮೇಲಿನ ಕತೆ ಹೇಳುವ ಹಳೆಯ ಕಾರ್ಟೂನು ಧಾರಾವಾಹಿಯೊಂದು ನಮ್ಮ ಸೋದರತ್ತೆಗೆ ಬಾಯಿಪಾಠ. ತುಕ್ಕು ಹಿಡಿದ ರೈಲಿನಲ್ಲಿ ಸಂಸಾರ ಹೂಡಿದ ಮಾಟಗಾತಿಯನ್ನೂ ಮಾತಾಡುವ ಆಮೆಯನ್ನೂ ಬಟ್ಟೆ ಮಡಚುತ್ತಲೇ ಕಣ್ಣಮುಂದೆ ತರುತ್ತಾಳೆ. "ಅಷ್ಟು ಜನ ವೀರರು, ಒಬ್ಬನೂ ತಟ್ಟೆ ತೊಳೆದಿದ್ದು ನೋಡ್ಲಿಲ್ಲ ಕಣೆ" ಎನ್ನುತ್ತಾಳೆ. ಕೊನೆಗೇನಾಯಿತು ಎಂದರೆ ಮಾತ್ರ, "ನಿಮ್ಮಪ್ಪನ್ನ ಕೇಳು." ಪ್ರತಿ ಭಾನುವಾರ, ಕಂತಿನ ನಡುವೆ ಜಾಹೀರಾತು ಬಂದೊಡನೆ ಅಣ್ಣಂದಿರಿಗೆ ಟೀ ಕಾಯಿಸಲು ಏಳುತ್ತಿದ್ದವಳು ಅವಳು, ಕೊನೆ ಕಂಡವರು ಅವರು. ಮೊನ್ನೆ ಆ ಕಂತುಗಳನ್ನು ಹುಡುಕಿ ತಂದು ಅವಳನ್ನು ಟಿವಿ ಮುಂದೆ ಕೂರಿಸಿದೆ. ಜಾಹೀರಾತೇ ಇರಲಿಲ್ಲ, ಆದರೂ ಸರಿಯಾಗಿ ಅರ್ಧಕ್ಕೆ ಎದ್ದು ಹೋದಳು. ಅಡುಗೆಮನೆಯಿಂದ, "ಆಮೆ ಬದುಕ್ತಾ?" ಎಂದು ಕೂಗಿದಳು. "ಗೊತ್ತಿಲ್ಲ ಅತ್ತೆ, ನೀನು ಬರೋವರೆಗೂ ನಿಲ್ಲಿಸಿದೀನಿ" ಎಂದೆ. ಒಲೆ ಆರಿಸಿದ ಸದ್ದು ಕೇಳಿಸಿತು.