ಎಡಗಡೆಯ ಮೆಟ್ಟಿಲು

ಗುಂಡ್ಲುಪೇಟೆಯ ನಮ್ಮ ಮನೆ ಶೆಡ್ಡಿನಲ್ಲಿ ಹಳೇ ಪಿಕಪ್ಪಿನ ರಿಪೇರಿ ಇವತ್ತು ಮುಗಿಯಿತು, ಸ್ನೇಹಿತರೇ. ಹೊಸ ಪೇಂಟು, ಪವರ್ ಸ್ಟೀರಿಂಗು ಎಲ್ಲ ಆಯಿತು. ಕೊನೆಗೆ ಎಡಬಾಗಿಲ ಕೆಳಗೊಂದು ಮೆಟ್ಟಿಲು ಕೂರಿಸಲು ಹೇಳಿದೆ.

ವೆಲ್ಡಿಂಗ್ ಮಾಡುವ ರಫೀಕ್ ತಲೆ ಕೆರೆದುಕೊಂಡ. "ಈಗ ಒಬ್ರೇ ಓಡಾಡ್ತೀರಿ. ಆ ಕಡೆಯಿಂದ ಯಾರಣ್ಣ ಹತ್ತೋರು?"

"ಆಕು ಅಂದ್ರೆ ಆಕ್ಲಾ!" ಎಂದು ರೇಗಿದೆ.

ಆ ಮೆಟ್ಟಿಲನ್ನು ನನ್ನ ಹೆಂಡತಿ ಹನ್ನೆರಡು ವರ್ಷ ಕೇಳಿದ್ದಳು. ಮಂಡಿನೋವು ಅವಳಿಗೆ. ಟೊಮೇಟೊ ಕ್ರೇಟು ಬೋರಲು ಹಾಕಿಕೊಂಡು ಹತ್ತುತ್ತಿದ್ದಳು. ನಾನು ಇಳಿದು ಆ ಕ್ರೇಟನ್ನು ಹಿಂದಕ್ಕೆ ಎಸೆಯುತ್ತಾ, "ಗ್ಯಾರೇಜಿಗೆ ಬುಟ್ಟಾಗ ನೋಡನ ಬುಡು" ಎಂದು ಗೊಣಗುತ್ತಿದ್ದೆ. ಹೋದ ದೀಪಾವಳಿಗೆ ಮುಂಚೆ ತೀರಿಕೊಂಡಳು.

ರಫೀಕ್ ಮೆಟ್ಟಿಲು ಕೂರಿಸಿದ. ನಾನು ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಕೆಲಸ ಆಗಿಹೋಗಿತ್ತು.