ಅವರ ತುಟಿಗೆ ಗೊತ್ತಿದ್ದ ಅಳತೆ

ಸಾಬರ ಕೆಳತುಟಿಯ ನಟ್ಟನಡುವೆ ಅವರೆಕಾಳಿನಷ್ಟು ಕಪ್ಪು ಕಲೆಯಿತ್ತು. ಬೀಡಿಯಿಂದ ಸುಟ್ಟುಕೊಂಡದ್ದೆಂದು ನಾನು ಬಹಳ ದಿನ ತಿಳಿದಿದ್ದೆ. ಅವರೋ ಬೀಡಿ ಮುಟ್ಟಿದವರೇ ಅಲ್ಲ. ಮೂವತ್ತು ವರ್ಷ ಹಿತ್ತಾಳೆ ತಾಗಿಸಿ ತಾಗಿಸಿ ಬಂದ ಕಲೆ ಅದು.

ಚಾಮರಾಜನಗರದಲ್ಲಿ ಲೈಸೆನ್ಸ್ ಇಟ್ಟುಕೊಂಡು ಕೋವಿ ರಿಪೇರಿ ಮಾಡುತ್ತಿದ್ದರು. ಊರಿಗೆಲ್ಲ ಕೋವಿ ಸಾಬರು. ನನ್ನದು ಗುಂಡ್ಲುಪೇಟೆಯಲ್ಲಿ ಲೇತ್ ಅಂಗಡಿ. ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ತಿಂಗಳಿಗೊಮ್ಮೆ ತೆರಕಣಾಂಬಿ ಮೇಲೆ ಬರುವ ಬಸ್ಸು ಹತ್ತಿ, ತೊಡೆಯ ಮೇಲೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಬರುತ್ತಿದ್ದರು. ಹಳೆಯ ರೈಫಲ್‌ಗಳಿಗೆ ಹೊಸ ತೋಟಾ ಎಲ್ಲೂ ಸಿಗುತ್ತಿರಲಿಲ್ಲ. ಹಾರಿಸಿಯಾದ ತೋಟಾದ ಹಿತ್ತಾಳೆ ಕೊಳವೆಗೇ, ಎರಕ ಹೊಯ್ದ ಸೀಸದ ಗುಂಡನ್ನು ಮತ್ತೆ ಕೂರಿಸಬೇಕು. ಅದಕ್ಕೆ ಮೊದಲು ಉಕ್ಕಿನ ಗೂಟವೊಂದರಿಂದ ಕೊಳವೆಯ ಬಾಯನ್ನು ಕೂದಲೆಳೆಯಷ್ಟು ಅರಳಿಸಬೇಕು. ಸಾಲದೆ ಹೋದರೆ ಹಿತ್ತಾಳೆಯ ಅಂಚು ಸೀಸದ ಸಿಪ್ಪೆ ಸುಲಿಯುತ್ತದೆ. ಹೆಚ್ಚಾದರೆ ಗುಂಡು ಸಡಿಲವಾಗುತ್ತದೆ. ಆ ಗೂಟಗಳನ್ನು ಕಡೆದುಕೊಡುವವನು ನಾನು.

ಯಾವ ಕೊಳವೆಗೆ ಯಾವ ಗೂಟ ಎಂದು ಆರಿಸುವುದು ಮಾತ್ರ ಅವರ ತುಟಿಯ ಕೆಲಸ. ಅರಳಿಸಿದ ಬಾಯನ್ನು ಕೆಳತುಟಿಗಿಟ್ಟು, ಕಣ್ಣು ಮುಚ್ಚಿ, ಒಂದು ಸುತ್ತು ತಿರುಗಿಸುವರು. ಮೈಸೂರಿನಿಂದ ತಂದಿದ್ದ ಮೈಕ್ರೋಮೀಟರನ್ನು ನಾನು ಜಂಬದಿಂದ ಮುಂದೆ ಹಿಡಿದರೆ ನಗುವರು.

"ನಿನ್ ಮಿಷಿನ್ನು ಅಳ್ತೆ ಏಳ್ತದೆ ಕಣಪ್ಪ ಲೇತಪ್ಪ. ಗುಂಡ್ನ ಕಚ್ತದಾ ಇಲ್ವಾ ಅಂತ ಏಳಾಕಿಲ್ಲ."

ಒಂದೇ ಗೂಟವನ್ನು ಮೂರು ಸಲ ಕಡೆಸಿದ ದಿನ ನನಗೆ ತಲೆ ಕೆಟ್ಟು ಸ್ಪ್ಯಾನರ್ ಎಸೆದುಬಿಟ್ಟಿದ್ದೆ. ಅವರೇ ಹೋಗಿ ಎದುರಿನ ಮಲಯಾಳಿ ಹೋಟೆಲಿನಿಂದ ಎರಡು ಟೀ ಹಿಡಿದು ಬಂದರು. ನಾಲ್ಕನೆಯ ಸಲವೂ ಕಡೆಸಿದರು, ಅದು ಬೇರೆ ಮಾತು. ಕೆಲಸವೆಂದರೇನೆಂದು ನಾನು ಕಲಿತದ್ದು ಆ ಸಂಜೆ.

"ಗೂಟಕ್ಕೆಲ್ಲ ನಂಬರ್ ಒಡ್ದುಕೊಡ್ಲಾ ಸಾಬ್ರೇ?" ಎಂದು ಎಷ್ಟೋ ಸಲ ಕೇಳಿದ್ದೆ.

"ಬ್ಯಾಡ ಬುಡು. ನನ್ ತುಟಿಗೆ ಗೊತ್ತು."

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಕೈಕಾಲು ಹೇಗೋ ಸರಿಹೋದವು, ಬಾಯಿ ಮಾತ್ರ ಒಂದು ಕಡೆ ಸೊಟ್ಟಗಾಯಿತು. ಲೈಸೆನ್ಸ್ ರಿನೀವಲ್ ಮಾಡಿಸಬೇಕಾದ ತಿಂಗಳಲ್ಲೇ ಹರವೆಯ ಗೌಡರೊಬ್ಬರ ರೈಫಲ್ಲಿನ ತೋಟಾ ಕೊಳವೆಗಳನ್ನು ತಂದು ನನ್ನ ಬೆಂಚಿನ ಮೇಲೆ ಸುರಿದರು. "ಇದೊಂದ್ಕೆ ಗುಂಡು ನೆಟ್ಗೆ ಕುಂತ್ರೆ ರಿನೀವಲ್ ಮಾಡುಸ್ತೀನಿ. ಇಲ್ದಿದ್ರೆ ಲೈಸನ್ಸ್ ಒಪ್ಪುಸ್ಬುಡ್ತೀನಿ" ಎಂದರು.

ಒಂದು ಗೂಟ ಹಾಕಿ ತೆಗೆದರು. ಕೊಳವೆಯನ್ನು ತುಟಿಗಿಟ್ಟು ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ಜೊಲ್ಲು ಇಳಿಯುತ್ತಿದ್ದುದು ಅವರಿಗೆ ತಿಳಿಯಲಿಲ್ಲ, ನಾನೇ ಟವಲಿನಿಂದ ಒರೆಸಿದೆ. ಆಗ ಕೊಳವೆಯನ್ನು ನನ್ನ ಮುಂದೆ ಹಿಡಿದರು.

"ನೀನ್ ನೋಡ್ಲಾ."

ಮೈಕ್ರೋಮೀಟರ್ ಇಟ್ಟೆ. ಅಳತೆ ಬಂತು. ಆ ಅಳತೆ ಸರಿಯೋ ತಪ್ಪೋ ಹೇಳುವವರು ಅವರೊಬ್ಬರೇ. ತುಟಿಗಿಟ್ಟು ತಿರುಗಿಸಿದೆ. ಹಿತ್ತಾಳೆಯ ವಾಸನೆ ಬಿಟ್ಟರೆ ಏನೂ ತಿಳಿಯಲಿಲ್ಲ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಹಾಗೆ ಯಾರೂ ನನ್ನನ್ನು ನೋಡಿಲ್ಲ. ತಡೆಯಲಾಗಲಿಲ್ಲ.

"ಸರ್ಯಾಗದೆ ಸಾಬ್ರೇ" ಎಂದುಬಿಟ್ಟೆ.

ಅವರು ಗುಂಡಿಟ್ಟು ಒತ್ತಿದರು. ಕೊಳವೆಯ ಬಾಯಂಚಿನಲ್ಲಿ ಕತ್ತರಿಸಿದ ಉಗುರಿನಂಥ ಸೀಸದ ಸುರುಳಿಯೊಂದು ಎದ್ದು ಬಂತು.

"ನಿನ್ ತುಟಿಗೆ ನಿಜ್ವಾಗ್ಲೂ ಗೊತ್ತಾಯ್ತೇನಪ್ಪ?"

"ಇಲ್ಲ ಸಾಬ್ರೇ."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಇನ್ನೊಂದು ಕೊಳವೆ ತೆಗೆದುಕೊಳ್ಳೋಣವೆಂದು ನಾನು ಅಂಗಲಾಚಿದೆ. "ಇವತ್ತು ಸೀಸದ ಸಿಪ್ಪೆ ಓಯ್ತು. ನಾಳೆ ಗೌಡ್ರ ಕಣ್ಣು ಓದ್ರೆ ಏನ್ ಮಾಡನ? ಗೊತ್ತಾಗ್ದಿದ್ರೆ ಗೊತ್ತಾಗ್ನಿಲ್ಲ ಅನ್ಬೇಕು ಕಣಪ್ಪ" ಎಂದು ಅವರು ಪೆಟ್ಟಿಗೆ ಮುಚ್ಚಿದರು. ಬಸ್‌ಸ್ಟ್ಯಾಂಡಿನವರೆಗೂ ಅದನ್ನು ನಾನೇ ಹೊತ್ತು ನಡೆದೆ. ಮಾಡಲು ಬೇರೇನೂ ಇರಲಿಲ್ಲ. ಮರುವಾರ ಅವರು ಲೈಸೆನ್ಸ್ ಒಪ್ಪಿಸಿದರು.

ವರ್ಷ ತುಂಬುವುದರೊಳಗೆ ತೀರಿಕೊಂಡರು. ಅವರ ಮಗಳು ಅದೇ ಬಸ್ಸಿನಲ್ಲಿ ಪೆಟ್ಟಿಗೆ ತಂದುಕೊಟ್ಟಳು. "ನಮ್ ಅಬ್ಬಾ ನಿಮ್ಗೇ ಕೊಡು ಅಂದಿದ್ರು ಅಣ್ಣ" ಎಂದಳು. ಒಳಗೆ ನಾನು ಕಡೆದ ಹನ್ನೊಂದು ಗೂಟಗಳಿದ್ದವು, ಒಂದಕ್ಕೂ ಗುರುತಿಲ್ಲ. ಮೂಲೆಯಲ್ಲಿ ಅವತ್ತಿನ ಕೊಳವೆಯಿತ್ತು. ಸಿಪ್ಪೆ ಎದ್ದ ಗುಂಡನ್ನು ಕಿತ್ತು ಅದರ ಬಾಯಿ ಒರೆಸಿಟ್ಟಿದ್ದರು.

ಅವಳು ಹೋದ ಮೇಲೆ ಅದನ್ನು ತುಟಿಗಿಟ್ಟು, ಕಣ್ಣು ಮುಚ್ಚಿ, ಒಂದು ಸುತ್ತು ತಿರುಗಿಸಿದೆ.

"ಗೊತ್ತಾಗ್ನಿಲ್ಲ ಸಾಬ್ರೇ" ಎಂದೆ.